ಮೂರನೇ ಮಹಡಿಯ ಅಮೆರಿಕ

ಸ್ಟಾಕ್‌ಹೋಮ್ ನಗರದ ನಡುವಿನಿಂದ ಲೋಕಲ್ ರೈಲು ಹಿಡಿದು ದಕ್ಷಿಣಕ್ಕೆ ಹೊರಟರೆ ಇಪ್ಪತ್ತು ನಿಮಿಷದ ಸುಮಾರಿಗೆ ಫ್ಲೆಮಿಂಗ್ಸ್‌ಬೆರ್ಯ್ ಬರುತ್ತದೆ. ಬರೆಯುವಾಗ ಕೊನೆಯಲ್ಲಿ ‘ಜಿ’ ಅಕ್ಷರ ಇದೆ, ಬಾಯಲ್ಲಿ ಅದು ‘ಯ್’ ಆಗಿಬಿಡುತ್ತದೆ. ಬಂದ ಹೊಸತರಲ್ಲಿ ನಾನು ‘ಬರ್ಗ್, ಬರ್ಗ್’ ಅಂತ ದಾರಿ ಕೇಳಿ ಎದುರಿನವರನ್ನು ಕಂಗೆಡಿಸಿದ್ದುಂಟು. ಪ್ರವಾಸಿಗಳು ಇಲ್ಲಿ ಇಳಿಯುವುದಿಲ್ಲ. 1972ರಲ್ಲಿ ಶುರುವಾದ ಹುಡ್ಡಿಂಗೆಯ ದೊಡ್ಡಾಸ್ಪತ್ರೆಗೆ ಬರುವವರು, ಯೂನಿವರ್ಸಿಟಿಯ ಹುಡುಗ ಹುಡುಗಿಯರು, ಕೋರ್ಟಿಗೆ ಅಲೆಯುವವರು, ಇಲ್ಲವೇ ನಮ್ಮ ಹಾಗೆ ಇಲ್ಲೇ ಮನೆ ಮಾಡಿಕೊಂಡವರು ಇಳಿಯುತ್ತಾರೆ. ರೈಲಿನ ಕಿಟಕಿಯಿಂದ ಕಾಣುವುದು ಗುಡ್ಡದ ಮೇಲೆ ಸಾಲಾಗಿ ನಿಂತ ನೀಲಿ, ಹಸಿರು, ಹಳದಿ, ಕೆಂಪು ಬಣ್ಣದ ಉದ್ದುದ್ದ ಅಪಾರ್ಟ್‌ಮೆಂಟುಗಳು. 1965ರಿಂದ 1974ರವರೆಗಿನ ಹತ್ತು ವರ್ಷದಲ್ಲಿ ಹತ್ತು ಲಕ್ಷ ಮನೆ ಕಟ್ಟಿಯೇ ಸಿದ್ಧ ಎಂದು ಸ್ವೀಡನ್ ದೇಶ ಹಟ ತೊಟ್ಟಿತ್ತಲ್ಲ, ಆ ಅಲೆಯಲ್ಲಿ ಎದ್ದ ಊರು ಇದು. ನಮ್ಮಪ್ಪ ಮೊದಲ ಸಲ ನೋಡಿ, “ಯಾರೋ ದಸರಾ ಗೊಂಬೆ ಮೆಟ್ಟಿಲು ಕಟ್ಟಿ, ಗೊಂಬೆ ಇಡೋದು ಮರೆತಿದಾರೆ” ಅಂದಿದ್ದರು.

ಅಪ್ಪ ಬಂದದ್ದು 2012ರ ಅಕ್ಟೋಬರಿನಲ್ಲಿ. ಅಮ್ಮ ತೀರಿಕೊಂಡ ವರ್ಷ ಅದು. ಅರಸೀಕೆರೆಯಲ್ಲಿ ಒಬ್ಬರೇ ಇರುವುದು ಬೇಡ ಅಂತ ನಾನೂ ನಮ್ಮವರೂ ಬಲವಂತ ಮಾಡಿ ಕರೆಸಿಕೊಂಡೆವು. ಚಳಿಗಾಲಕ್ಕೆ ಅಪ್ಪನನ್ನು ಕರೆಸುವುದು ತಪ್ಪು ಅಂತ ಆಗ ನಮಗೆ ಹೊಳೆಯಲಿಲ್ಲ. ಮೂರು ಗಂಟೆಗೆಲ್ಲ ಕತ್ತಲು. ವಾಕಿಂಗ್ ಹೋಗಲು ಕಾಲುದಾರಿ ತುಂಬ ಹಿಮ. ಮಾತನಾಡಿಸುವವರಿಲ್ಲ. ಉಳಿದದ್ದು ಒಂದೇ ಕೆಲಸ, ಬೆಲೆ ಗುಣಿಸುವುದು. ನಿಮ್ಮ ಮನೆಗೆ ಬಂದ ಹಿರಿಯರೂ ಇದನ್ನು ಮಾಡಿರುತ್ತಾರೆ ಬಿಡಿ. ಆಗ ಒಂದು ಕ್ರೋನಾಗೆ ಎಂಟು ರೂಪಾಯಿ ಆಸುಪಾಸು. ಸ್ಟೇಷನ್ ಪಕ್ಕ ಒಂದು ಲೋಟ ಕಾಫಿಗೆ ಮೂವತ್ತು ಕ್ರೋನಾ ಕೊಟ್ಟೆ. ಅಪ್ಪ ಲೋಟವನ್ನು ಎರಡೂ ಕೈಲಿ ಹಿಡಿದುಕೊಂಡು, “ಇನ್ನೂರ ನಲವತ್ತು ರೂಪಾಯಿ ಕುಡೀತಿದೀನಿ ಕಣಮ್ಮ” ಅಂದರು.

ಆ ಲೆಕ್ಕ ತಲೆಕೆಳಗಾದದ್ದು ಮೂರನೇ ಮಹಡಿಯಲ್ಲಿ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಅಜ್ಜ ಅಂದರೂ ಅಪ್ಪನ ವಾರಿಗೆಯವರೇ, ಒಂದು ವರ್ಷ ಹಿರಿಯರು. ಆಸ್ಪತ್ರೆ ತೆರೆದಾಗಿನಿಂದ ಅಲ್ಲಿ ದುರಸ್ತಿ ಕೆಲಸ ಮಾಡಿ ನಿವೃತ್ತರಾದವರು. ನಾನು ಅವರನ್ನು ಹೆಸರು ಹಿಡಿದು, ಏಕವಚನದಲ್ಲಿ ಮಾತನಾಡಿಸುವುದನ್ನು ಕೇಳಿ ಅಪ್ಪನಿಗೆ ಸಂಕಟವಾಯಿತು. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನವರು ‘ನೀವು’, ‘ತಾವು’ಗಳನ್ನೆಲ್ಲ ಮೂಟೆ ಕಟ್ಟಿಟ್ಟು, ಎಲ್ಲರಿಗೂ ‘ನೀನು’ ಅನ್ನಲು ಶುರುಮಾಡಿದರು ಅಂತ ವಿವರಿಸಿದೆ. “ಅವರು ಏನಾದ್ರೂ ಮಾಡ್ಕೊಳ್ಲಿ, ನೀನು ಮೇಷ್ಟ್ರ ಮಗಳು” ಅಂದರು. ಈ ಬರಹದಲ್ಲಾದರೂ ಬಹುವಚನ ಉಳಿಸಿಕೊಂಡಿದ್ದೇನೆ.

ಒಂದು ಶನಿವಾರ ಆ ಅಜ್ಜ ಕಾಫಿಗೆ ಕರೆದರು. ಒಳಗೆ ಹೋದರೆ ಸ್ವೀಡನ್ ಇಲ್ಲ, ಅಮೆರಿಕ! ಗೋಡೆಯ ಮೇಲೆ ಎಲ್ವಿಸ್. ಗಾಜಿನ ಬೀರುವಿನಲ್ಲಿ ರೆಕ್ಕೆ ಇರುವ ಕಾರುಗಳ ಪುಟ್ಟ ಮಾದರಿಗಳು. ಕಪಾಟು ತುಂಬ ಹಳೆಯ ಕಾಮಿಕ್ಸು. ಅವರು ಹುಟ್ಟಿ ಬೆಳೆದದ್ದು ಸ್ಟಾಕ್‌ಹೋಮಿನ ಸೋದರ್ಮಾಲ್ಮ್‌ನಲ್ಲಿ. ಈಗ ಅಲ್ಲಿ ಮನೆ ಕೊಳ್ಳಲು ಕೋಟಿ ಲೆಕ್ಕ ಬೇಕು, ಆಗ ಕೂಲಿಕಾರರ ಬಡಾವಣೆ. ಕಾಫಿಗೆ 1951ರವರೆಗೆ ರೇಷನ್ ಇತ್ತಂತೆ. ಯುದ್ಧಕ್ಕೇ ಹೋಗದ ದೇಶದಲ್ಲಿ, ಯುದ್ಧ ಮುಗಿದು ಆರು ವರ್ಷವಾದರೂ ಕಾಫಿಗೆ ಕೂಪನ್! ಕೋಕಾ ಕೋಲಾ ಮಾರಲು 1953ರವರೆಗೆ ಅಪ್ಪಣೆಯೇ ಇರಲಿಲ್ಲ. ಹತ್ತನೇ ವಯಸ್ಸಿನಲ್ಲಿ ಕುಡಿದ ಮೊದಲ ಬಾಟಲಿಯ ಬಗ್ಗೆ ಅವರು ಹೇಳುವುದನ್ನು ಕೇಳಿದರೆ ತೀರ್ಥ ಕುಡಿದವರ ಮಾತಿನ ಹಾಗಿತ್ತು. ಮುಂದೆ ಹದಿಹರೆಯದಲ್ಲಿ ಅವರು ಇಲ್ಲಿ ‘ರಗ್ಗಾರೆ’ ಅನ್ನುತ್ತಾರಲ್ಲ, ತಲೆಗೆ ಎಣ್ಣೆ ಮೆತ್ತಿ, ಸೆಕೆಂಡ್ ಹ್ಯಾಂಡ್ ಷೆವರ್ಲೆಯಲ್ಲಿ ಊರು ಸುತ್ತುವ ಗುಂಪು, ಅದರಲ್ಲೊಬ್ಬರು. ಅಮೆರಿಕಕ್ಕೆ ಒಮ್ಮೆಯೂ ಹೋಗಿಲ್ಲ. “ಹೋಗಿ ಏನು ಮಾಡಲಿ? ಆ ಅಮೆರಿಕ ಈಗ ಅಲ್ಲೂ ಇಲ್ಲ” ಅಂದರು.

ನಾನು ನಡುವೆ ಕೂತು ದುಭಾಷಿ ಕೆಲಸ ಮಾಡುತ್ತಿದ್ದೆ. ಅಜ್ಜನ ಬಾಯಲ್ಲಿ ಬೆಲೆಗಳು ಬಂದವು. ಅಮೆರಿಕದಲ್ಲಿ ಆಗ ಮೆಕ್‌ಡೊನಾಲ್ಡ್ಸ್‌ನವರ ಹ್ಯಾಂಬರ್ಗರ್ 15 ಸೆಂಟ್, 1956ರಿಂದ ಗಂಟೆಗೆ ಕನಿಷ್ಠ ಕೂಲಿ ಒಂದು ಡಾಲರ್, ಅಂದರೆ ಗಂಟೆ ದುಡಿದರೆ ಆರು ಹ್ಯಾಂಬರ್ಗರ್ ಅಂತ ತಾನು ಹುಡುಗನಾಗಿದ್ದಾಗ ಲೆಕ್ಕ ಹಾಕುತ್ತಿದ್ದೆ ಅಂದರು. ಒಂದು ಡಾಲರಿಗೆ ಆಗ ಎಷ್ಟು ಕ್ರೋನಾ ಅಂತ ಅಪ್ಪ ಕೇಳಿಸಿದರು. 5.17 ಅಂತ ಉತ್ತರ ಬಂತು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ನಮ್ಮದು ನಾಲ್ಕು ರೂಪಾಯಿ ಎಪ್ಪತ್ತಾರು ಪೈಸೆ. ಹೇಳು ಅವರಿಗೆ, ಆಗ ನಮ್ಮ ಒಂದು ರೂಪಾಯಿ ಅವರ ಒಂದು ಕ್ರೋನಾಗಿಂತ ಹೆಚ್ಚು!” ನಾನು ನಂಬದೆ ಮನೆಗೆ ಬಂದ ಮೇಲೆ ಹುಡುಕಿ ನೋಡಿದೆ. ಸರಿಯಾಗಿಯೇ ಇತ್ತು. 1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪೌಂಡ್ ಇಳಿದಾಗ ಎರಡೂ ದೇಶ ತಮ್ಮ ಹಣವನ್ನು ಅದರ ಜೊತೆಗೇ ಇಳಿಸಿ, ಹತ್ತಿರ ಹತ್ತಿರ ಒಂದೇ ಜಾಗಕ್ಕೆ ಬಂದು ನಿಂತಿದ್ದವು. 1966ರ ಜೂನ್‌ವರೆಗೆ ಹಾಗೇ ಇತ್ತು. ಆಮೇಲೆ ಡಾಲರಿಗೆ ನಮ್ಮದು ಏಳೂವರೆ ರೂಪಾಯಿ. ಅವತ್ತಿನಿಂದ ಅಪ್ಪ ಕಾಫಿಯ ಬೆಲೆ ಗುಣಿಸುವುದನ್ನು ಬಿಟ್ಟರು. ಲೆಕ್ಕ ತಪ್ಪಿದ್ದು ಎಲ್ಲಿ ಅಂತ ಯೋಚಿಸುತ್ತ ಕೂರುತ್ತಿದ್ದರು.

ಇಬ್ಬರಿಗೂ ದುಭಾಷಿ ಬೇಡವಾದದ್ದು ಇನ್ನೊಂದು ವಿಷಯಕ್ಕೆ. ಅಜ್ಜ ಕಪಾಟಿನಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅದರ ಮೇಲೆ ‘ಫಾಂಟೊಮೆನ್’ ಎಂದಿತ್ತು. ಅಪ್ಪ ಕನ್ನಡಕ ಏರಿಸಿ ನೋಡಿ, ಬಲಗೈ ಮುಷ್ಟಿ ಮಾಡಿ, ತಮ್ಮ ದವಡೆಗೇ ಮೆಲ್ಲಗೆ ಗುದ್ದಿಕೊಂಡರು. ಅಜ್ಜನೂ ಹಾಗೇ ಗುದ್ದಿಕೊಂಡರು. ಇಬ್ಬರು ಮುದುಕರು ಮಾತಿಲ್ಲದೆ ದವಡೆ ಗುದ್ದಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕದ್ದನ್ನು ನೋಡಿ ನನ್ನ ಆರು ವರ್ಷದ ಮಗ ಹೆದರಿ ನನ್ನ ಮಡಿಲಿಗೆ ಬಂದ. ತಲೆಬುರುಡೆಯ ಉಂಗುರ, ಕಾಡಿನ ಗುಹೆ, ಫ್ಯಾಂಟಮ್! ಲೀ ಫಾಕ್ ಎಂಬ ಅಮೆರಿಕದವನು 1936ರಲ್ಲಿ ಹುಟ್ಟಿಸಿದ ಈ ವೀರನಿಗೆ ತವರಿಗಿಂತ ಹೊರಗೇ ಹೆಚ್ಚು ಮರ್ಯಾದೆ ಸಿಕ್ಕಿತು ಅಂತ ಕಾಣುತ್ತದೆ. ಸ್ವೀಡನ್ನಿನಲ್ಲಿ ಅವನ ಹೆಸರಿನ ಪತ್ರಿಕೆ 1950ರಲ್ಲೇ ಶುರುವಾಯಿತು, ಮುಂದೆ ಇಲ್ಲಿನವರೇ ಹೊಸ ಕಥೆಗಳನ್ನೂ ಹೆಣೆದರು. ನಮ್ಮಲ್ಲಿ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ಬರುತ್ತಿದ್ದ. 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಬಂತು, ಆಮೇಲೆ ಕನ್ನಡದಲ್ಲೂ ಸಿಕ್ಕಿತು. ಫ್ಯಾಂಟಮ್‌ನ ಊರಿನ ಹೆಸರು ನಮ್ಮ ಬಂಗಾಳದ ಹಾಗೆ ಕೇಳುತ್ತದೆಂದು ಇಂದ್ರಜಾಲದವರು ಅದನ್ನು ಡೆಂಕಾಲಿ ಮಾಡಿದ್ದರು. ಈ ಸಣ್ಣ ತಿದ್ದುಪಡಿ ಕೇಳಿ ಅಜ್ಜನಿಗೆ ಬಹಳ ಖುಷಿಯಾಯಿತು.

ಅಲ್ಲಿಂದ ದಿನಾ ಹನ್ನೊಂದಕ್ಕೆ ಅಪ್ಪ ಕೆಳಗಿನ ಮನೆಗೆ. ಭಾಷೆ ಇಲ್ಲದೆ ಎರಡು ಗಂಟೆ ಏನು ಮಾಡುತ್ತಿದ್ದರೋ ದೇವರಿಗೇ ಗೊತ್ತು. ಸಂಜೆ ನಾನು ಬಂದ ಮೇಲೆ ಅರ್ಥವಾಗದೆ ಉಳಿದದ್ದನ್ನು ಬಿಡಿಸಿ ಹೇಳಬೇಕಿತ್ತು. ಹಾಗೆ ಬಂದದ್ದು ಟಿ.ವಿ. ಕಥೆ. ಅಮೆರಿಕದಲ್ಲಿ 1955ರಲ್ಲಿ 64,000 ಡಾಲರಿನ ಪ್ರಶ್ನೆ ಎಂಬ ಕಾರ್ಯಕ್ರಮ ಜನರನ್ನು ಹುಚ್ಚು ಹಿಡಿಸಿತ್ತು. ಅದರದೇ ಮಾದರಿಯಲ್ಲಿ ಸ್ವೀಡನ್ನಿನ ಹೊಸ ಟಿ.ವಿ. 1957ರಲ್ಲಿ ಒಂದು ಸ್ಪರ್ಧೆ ಶುರುಮಾಡಿತು. ಉಲ್ಫ್ ಹನ್ನೆರ್ಸ್ ಎಂಬ ಹದಿನಾಲ್ಕರ ಹುಡುಗ ಮೀನುಗಳ ಬಗ್ಗೆ ಉತ್ತರಿಸಲು ಬಂದ. ಕಣ್ಣಿಗೆ ರೆಪ್ಪೆ ಇರುವ ಮೀನು ಯಾವುದು ಎಂಬ ಪ್ರಶ್ನೆಗೆ, ಕೆಸರಿನಲ್ಲಿ ತೆವಳುವ ಒಂದು ಮೀನನ್ನು ಹೇಳಿದ. ತಪ್ಪು ಅಂದರು. ಆಮೇಲೆ ನೋಡಿದರೆ ಹುಡುಗ ಹೇಳಿದ್ದೇ ಸರಿ! ದೇಶವೆಲ್ಲ ಎದ್ದು ಕೂತಿತು, ಅವನನ್ನು ವಾಪಸು ಕರೆದರು, 10,000 ಕ್ರೋನಾ ಗೆದ್ದ. ಆ ಹುಡುಗ ಮುಂದೆ ಸ್ಟಾಕ್‌ಹೋಮ್ ಯೂನಿವರ್ಸಿಟಿಯಲ್ಲಿ ಮಾನವಶಾಸ್ತ್ರದ ಹೆಸರಾಂತ ಪ್ರೊಫೆಸರ್ ಆದ. ಅದೇ ಹೊತ್ತಿಗೆ ಅಮೆರಿಕದ ಇಂಥ ಕೆಲವು ಸ್ಪರ್ಧೆಗಳಲ್ಲಿ ಉತ್ತರ ಮೊದಲೇ ಹೇಳಿಕೊಡುತ್ತಿದ್ದರೆಂದು ಗೊತ್ತಾಗಿ 1959ರಲ್ಲಿ ಅವರ ಸಂಸತ್ತಿನ ಮುಂದೆ ದೊಡ್ಡ ವಿಚಾರಣೆಯೇ ನಡೆಯಿತು. ಅಪ್ಪ ಎಲ್ಲ ಕೇಳಿ, ಹತ್ತು ಸಾವಿರ ಕ್ರೋನಾ ಅಂದರೆ ತಮ್ಮ ಏಳೂವರೆ ವರ್ಷದ ಸಂಬಳ ಅಂದರು. 1963ರಲ್ಲಿ ಮೇಷ್ಟ್ರಾಗಿ ಸೇರಿದಾಗ ಅವರಿಗೆ ತಿಂಗಳಿಗೆ ನೂರರ ಹತ್ತಿರ.

ಡಿಸೆಂಬರ್ 24ರ ಮಧ್ಯಾಹ್ನ ಅಜ್ಜ ನಮ್ಮನ್ನೆಲ್ಲ ಕರೆದರು. ಇಲ್ಲಿದ್ದವರಿಗೆ ಗೊತ್ತು, ಅವತ್ತು ಮೂರು ಗಂಟೆಗೆ ಸ್ವೀಡನ್ನಿನಲ್ಲಿ ಬೀದಿ ಖಾಲಿ. ಡಿಸ್ನಿಯವರು 1958ರ ಕ್ರಿಸ್ಮಸ್ಸಿಗೆ ಅಮೆರಿಕದಲ್ಲಿ ತೋರಿಸಿದ ಒಂದು ಗಂಟೆಯ ಕಾರ್ಟೂನ್ ಕಾರ್ಯಕ್ರಮವನ್ನು ಇವರು ಅರವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರತಿ ವರ್ಷ ಹಾಕುತ್ತಾ ಬಂದಿದ್ದಾರೆ. ಅದೇ ಡೊನಾಲ್ಡ್ ಡಕ್ಕು, ಅದೇ ಹೂವು ಮೂಸುವ ಗೂಳಿ. ಅಮೆರಿಕದವರು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದಾರೆ, ಇವರಿಗೆ ಅದಿಲ್ಲದೆ ಹಬ್ಬವಿಲ್ಲ. ಮೇಜಿನ ಮೇಲೆ ಕೇಸರಿ ಹಾಕಿದ ಬನ್ನು, ಅಕ್ಕಿ ಹಾಲಿನ ಗಂಜಿ. “ಪಾಯಸಾನೇ ಇದು, ಬೆಲ್ಲ ಮರೆತವ್ರೆ” ಅಂತ ಅಪ್ಪ ಎರಡು ಸಲ ಹಾಕಿಸಿಕೊಂಡರು.

ಕಾರ್ಯಕ್ರಮ ಮುಗಿದಾಗ ಅಜ್ಜ ಕೇಳಿದರು, “ನಿಮ್ಮ ಊರಿಗೆ ಆಗ ಅಮೆರಿಕ ಹೇಗೆ ಬಂತು?” ನಾನು ಕನ್ನಡದಲ್ಲಿ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಆರಿಸಿದ ಟಿ.ವಿ.ಯನ್ನೇ ನೋಡುತ್ತಿದ್ದರು.

“ಮೂಟೆಯಲ್ಲಿ ಬಂತು” ಅಂದರು.

ನಮ್ಮ ಹಿರಿಯರಲ್ಲಿ ಆ ಮೂಟೆ ನೋಡದವರು ಕಡಿಮೆ. ಎರಡು ಕೈ ಕುಲುಕುವ ಚಿತ್ರ, ಅಮೆರಿಕದ ಜನರ ಕೊಡುಗೆ, ಮಾರುವಂತಿಲ್ಲ ಎಂಬ ಇಂಗ್ಲಿಷ್ ಬರಹ. ಪಿ.ಎಲ್. 480 ಎಂಬ ಅಮೆರಿಕದ ಕಾನೂನಿನ ಕೆಳಗೆ 1956ರಲ್ಲಿ ನಮ್ಮ ದೇಶ ಗೋಧಿಗೆ ಒಪ್ಪಂದ ಮಾಡಿಕೊಂಡಿತು. ಕೇರ್ ಸಂಸ್ಥೆಯಿಂದ ಶಾಲೆಗಳಿಗೆ ಹಾಲಿನ ಪುಡಿ, ಹಳದಿ ಜೋಳದ ರವೆ. ಆ ಉಪ್ಪಿಟ್ಟಿನ ವಾಸನೆ ಅಪ್ಪನ ಶಿಷ್ಯರು ಈಗಲೂ ಹೇಳುತ್ತಾರೆ. 1965ರಲ್ಲಿ ಮಳೆ ಹೋಯಿತು, ಮರುವರ್ಷವೂ ಹೋಯಿತು. ಸೋಮವಾರ ರಾತ್ರಿ ಊಟ ಬಿಡಿ ಅಂತ ಶಾಸ್ತ್ರಿಯವರು ಕೇಳಿದ ಕಾಲ. 1966ರಲ್ಲಿ ನಾವು ತರಿಸಿದ ಧಾನ್ಯ ಸುಮಾರು ಒಂದು ಕೋಟಿ ಟನ್. ಅಧ್ಯಕ್ಷ ಜಾನ್ಸನ್ ಒಂದೇ ಸಲಕ್ಕೆ ಕೊಡದೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿದ್ದರು. ಹಡಗಿನಿಂದ ನೇರ ಬಾಯಿಗೆ ಅನ್ನುವ ಮಾತೇ ಹುಟ್ಟಿತ್ತು. ಹಡಗು ತಡವಾದರೆ ಅರಸೀಕೆರೆ ಸೀಮೆಯ ಶಾಲೆಯಲ್ಲಿ ಒಲೆ ಹತ್ತುವುದಿಲ್ಲ.

ಇಷ್ಟನ್ನು ನಾನು ಅಜ್ಜನಿಗೆ ಹೇಳಿದೆ. ಆಮೇಲೆ ಅಪ್ಪ ಹೇಳಿದ್ದನ್ನು ಹೇಳಲಿಲ್ಲ.

“ಆ ವರ್ಷ ನಿಮ್ಮ ಚಿಕ್ಕತ್ತೆಗೆ ಎರಡು ವರ್ಷ. ದಡಾರ ಎದ್ದು, ಎದ್ದ ಮೇಲೂ ಚೇತರಿಸ್ಕೊಳ್ಲಿಲ್ಲ. ಮನೇಲಿ ಹಸು ಬತ್ತಿತ್ತು. ನಾನು ಶಾಲೆಯಿಂದ ಹಾಲಿನ ಪುಡಿ ಟವೆಲ್ಲಲ್ಲಿ ಕಟ್ಕೊಂಡು ಬಂದೆ. ಒಂದು ದಿನ ಅಲ್ಲ, ಎರಡು ತಿಂಗಳು, ವಾರಕ್ಕೆರಡು ಪಾವು. ಮಕ್ಕಳಿಗೆ ನೀರು ಜಾಸ್ತಿ ಬೆರೆಸ್ತಿದ್ದೆ. ಹೆಡ್‌ಮೇಷ್ಟ್ರಿಗೆ ಗೊತ್ತಾಯ್ತು. ಏನೂ ಅನ್ಲಿಲ್ಲ. ತೇವ ತಗುಲಿ ಗಡ್ಡೆಯಾಯ್ತು ಅಂತ ರಿಜಿಸ್ಟರಲ್ಲಿ ಬರೆದ್ರು. ನನ್ನ ಕೈಯಿಂದಲೇ ಸಹಿ ಹಾಕಿಸಿದ್ರು.”

ನಲವತ್ತಾರು ವರ್ಷ ಅಮ್ಮನಿಗೂ ಹೇಳಿರದ ಮಾತು ಅದು. ಅಜ್ಜ ನನ್ನ ಮುಖ ನೋಡಿದರು. “ಏನಂದರು?” ನಾನು, “ಶಾಲೆಯಲ್ಲಿ ಹಾಲು ಹಂಚುತ್ತಿದ್ದರಂತೆ” ಅಂದೆ. ಅಪ್ಪನಿಗೆ ಸ್ವೀಡಿಷ್ ಬಾರದಿದ್ದರೂ ನಾನು ಎಷ್ಟು ಚಿಕ್ಕದಾಗಿ ಹೇಳಿದೆ ಅಂತ ತಿಳಿಯಿತು. ಮನೆಗೆ ಬಂದ ಮೇಲೆ, “ಅವರಿಗೆ ಹೇಳಲಿ ಅಂತಲೇ ಹೇಳ್ದೆ ಕಣಮ್ಮ. ಗುರುತಿಲ್ಲದವರ ಹತ್ರ ಹೇಳೋದು ಸುಲಭ” ಅಂದು ಮಲಗಿದರು. ಫೆಬ್ರವರಿಯಲ್ಲಿ ಊರಿಗೆ ಹೋದರು. ಮತ್ತೆ ಬರಲಿಲ್ಲ. ಫೋನಿನಲ್ಲಿ ಫ್ಯಾಂಟಮ್ ಹೇಗಿದಾರೆ ಅಂತ ಕೇಳುತ್ತಿದ್ದರು.

2019ರಲ್ಲಿ ಅಪ್ಪ ಹೋದರು. ನಾನು ಅರಸೀಕೆರೆಯಿಂದ ವಾಪಸು ಬಂದಾಗ ಅಜ್ಜ ವೃದ್ಧಾಶ್ರಮಕ್ಕೆ ಹೊರಡಲು ಮನೆ ಖಾಲಿ ಮಾಡುತ್ತಿದ್ದರು. ಬೀರು, ಎಲ್ವಿಸ್ ಎಲ್ಲ ಯಾರ್ಯಾರಿಗೋ ಹೋಗಿದ್ದವು. ಫಾಂಟೊಮೆನ್ ಕಟ್ಟುಗಳನ್ನು ಮಾತ್ರ ನನ್ನ ಮಗನಿಗೆ ಅಂತ ಪಕ್ಕಕ್ಕಿಟ್ಟಿದ್ದರು. ಖಾಲಿ ಅಡುಗೆಮನೆಯಲ್ಲಿ ಎರಡೇ ಕುರ್ಚಿ. ಅಲ್ಲಿ ಕೂತು, ಏಳು ವರ್ಷ ತಡವಾಗಿ, ಅವತ್ತಿನ ಮಾತನ್ನು ಒಂದೂ ಬಿಡದೆ ಸ್ವೀಡಿಷ್‌ಗೆ ತಂದೆ. ಪಾವಿಗೆ ಏನು ಹೇಳಬೇಕೋ ತಿಳಿಯದೆ ಕೈಯಲ್ಲಿ ಅಳತೆ ತೋರಿಸಿದೆ. ನೀರು ಬೆರೆಸಿದ್ದನ್ನೂ ಹೇಳಿದೆ.

ಅವರು ಪೂರಾ ಕೇಳಿ, “ಮಗು ಬದುಕಿತೇ?” ಅಂದರು.

“ಬದುಕಿತು. ತಿಪಟೂರಿನಲ್ಲಿದ್ದಾರೆ. ಮೂರು ಜನ ಮೊಮ್ಮಕ್ಕಳು.”

ಅಜ್ಜ ತಲೆಯಾಡಿಸಿ ಎದ್ದರು. ಪಾತ್ರೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಯಾಗಿತ್ತು. ಅದನ್ನು ಬಿಚ್ಚಿ, ತಡಕಾಡಿ, ಎರಡು ಲೋಟ ಹೊರಗೆ ತೆಗೆದು, ಕಾಫಿಗೆ ನೀರಿಟ್ಟರು.