ಚಳಿಗಾಲದ ಗಾಲಿ

ನವೆಂಬರ್ ಕೊನೆಗೆ ಮಾಂಟ್ರಿಯಲ್‌ನಿಂದ ಮಗನ ಫೋನು. “ಅಪ್ಪಾ, ಆಮೇಲೆ ಮಾತಾಡ್ತೀನಿ. ಟೈರ್ ಹಾಕ್ಸಾಕ ಪಾಳಿ ಹಚ್ಚೀನಿ.” ಕೊಟ್ಟೂರಿನ ನಿವೃತ್ತ ಮೇಷ್ಟ್ರು ಪಂಕ್ಚರ್ ಆಗಿರಬೇಕು ಅಂದುಕೊಂಡರು. ಅಲ್ಲ. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿಗೆ ಹಿಮದ ಟೈರು ಇರಲೇಬೇಕು, ಇಲ್ಲದಿದ್ದರೆ ದಂಡ. ಉಷ್ಣಾಂಶ 7 ಡಿಗ್ರಿಗಿಂತ ಇಳಿದರೆ ಮಾಮೂಲಿ ಟೈರಿನ ರಬ್ಬರು ಗಡುಸಾಗಿ ರಸ್ತೆಯ ಹಿಡಿತ ಬಿಡುತ್ತದೆ.

“ಚಳಿಗೆ ಗಾಲಿ ಸಜ್ಜು ಮಾಡೋದು ನಿಮ್ಮ ಮುತ್ತಜ್ಜನ ಕಾಲದ್ದು ನೋಡಪ್ಪ,” ಅಂದರು ಮೇಷ್ಟ್ರು.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಹಿಮ ಬೀಳುವುದಿಲ್ಲ ನಿಜ. ಬೀಸುವುದು ಒಣಗಾಳಿ. ಅದಕ್ಕೆ ಮೈ ಒಡೆಯುತ್ತದೆ, ತುಟಿ ಬಿರಿಯುತ್ತದೆ. ಮಳೆಗಾಲದಲ್ಲಿ ಉಬ್ಬಿದ್ದ ಕರಿಜಾಲಿ ಕಟ್ಟಿಗೆ ಕುಗ್ಗಿ, ಬಂಡಿಯ ಗಾಲಿ ಲೊಡಲೊಡ ಅನ್ನತೊಡಗುತ್ತದೆ. ಹರಪನಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ಮೇಷ್ಟ್ರ ಅಜ್ಜ ಆ ಸದ್ದು ಕೇಳಿದೊಡನೆ ಗಾಲಿ ಬಿಚ್ಚಿ ಕುಲುಮೆಗೆ ಉರುಳಿಸುತ್ತಿದ್ದರು. ಆಗಿನ್ನೂ ಹುಡುಗನಾಗಿದ್ದ ಮೇಷ್ಟ್ರು ಶಾಲೆ ತಪ್ಪಿಸಿ ಹಿಂದೆ ಓಡುತ್ತಿದ್ದರು.

ನೋಡುವಂಥದ್ದೇ ಅದು. ಹಳಿಯನ್ನು, ಅಂದರೆ ಗಾಲಿಗಿಂತ ಕೂದಲೆಳೆಯಷ್ಟು ಚಿಕ್ಕದಾದ ಕಬ್ಬಿಣದ ಬಳೆಯನ್ನು, ಸುತ್ತಲೂ ಕುಳ್ಳು ಒಟ್ಟಿ ಕೆಂಪಗೆ ಕಾಯಿಸಬೇಕು. ಕಾದ ಕಬ್ಬಿಣ ಹಿಗ್ಗುತ್ತದೆ. ಮೂರ್ನಾಲ್ಕು ಮಂದಿ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ ಬಡಿಯುವಷ್ಟರಲ್ಲಿ ಕಟ್ಟಿಗೆಯಿಂದ ಹೊಗೆ ಏಳುತ್ತದೆ. ಕೊಡಗಟ್ಟಲೆ ನೀರು ಸುರಿದರೆ ಚೊಂಯ್! ಹಳಿ ಕುಗ್ಗಿ ಅರೆಕಾಲುಗಳನ್ನೆಲ್ಲ ಗುಂಬಕ್ಕೆ ಬಿಗಿದುಬಿಡುತ್ತದೆ. ರೈಲುಗಾಲಿಗೂ ಉಕ್ಕಿನ ಪಟ್ಟಿಯನ್ನು ಹೀಗೆಯೇ ಕಾಯಿಸಿ ಕೂಡಿಸುತ್ತಿದ್ದರು. ಇಂಗ್ಲಿಷಿನ ಟೈರ್ ಎಂಬ ಮಾತು ಕೂಡ ಮೊದಲು ಈ ಕಬ್ಬಿಣದ ಬಳೆಗೇ ಇತ್ತು. 1888ರಲ್ಲಿ ಡನ್‌ಲಪ್ ತಂದ ಗಾಳಿ ತುಂಬಿದ ರಬ್ಬರೂ ಆ ಹೆಸರನ್ನೇ ಉಟ್ಟುಕೊಂಡಿತು.

ಆಮೇಲೆ ಅಚ್ಚಿಗೆ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಶಾಲೆಯ ಅಂಗಿಗೆ ಮೆತ್ತಿದ ಆ ಕಲೆ ಅವ್ವನ ಯಾವ ಸೋಪಿಗೂ ಜಗ್ಗಲಿಲ್ಲ. ಶಾಲೆ ತಪ್ಪಿಸಿದ್ದು ಮನೆಗೆ ಗೊತ್ತಾದದ್ದೂ ಹಾಗೆಯೇ.

ಇಷ್ಟೆಲ್ಲ ಸಡಗರ ಜಾತ್ರೆಗಾಗಿ. ಭರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರ, ಅದರ ಬೆನ್ನಿಗೇ ಕೊಟ್ಟೂರೇಶ್ವರನ ತೇರು, ಶಿವರಾತ್ರಿಗೆ ಕುರುವತ್ತಿ. ಮೈಲಾರದ ಡೆಂಕನಮರಡಿಯಲ್ಲಿ ಕಾರ್ಣಿಕ ನುಡಿಯುವ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದರೆ ಲಕ್ಷಾಂತರ ಜನ ಉಸಿರು ಹಿಡಿಯುತ್ತಾರೆ. ಎತ್ತುಗಳಿಗೆ ಮಾತ್ರ ಕಾರ್ಣಿಕದ ಹಂಗಿರಲಿಲ್ಲ. ದೂರದ ಬಿಡಾರದಲ್ಲಿ ಅವುಗಳ ಕೊರಳಗೆಜ್ಜೆ ನಡೆದೇ ಇರುತ್ತಿತ್ತು.

ಆ ಬಂಡಿ ಈಗಲೂ ಊರಿನ ಮನೆಯ ಕೊಟ್ಟಿಗೆಯಲ್ಲಿದೆ. ಹರಪನಹಳ್ಳಿ ತಾಲ್ಲೂಕಿನೊಡನೆ ನಿಂತಲ್ಲೇ ನಿಂತು ಅದು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಗಾಲಿ ಉರುಳುತ್ತಿದ್ದಾಗ ಅಷ್ಟು ತಿರುಗಿರಲಿಲ್ಲ.

ಮೇಷ್ಟ್ರು ಅದರ ಫೋಟೊ ಕಳಿಸಿದರು. ಹಳಿ ಒಂದು ಮಗ್ಗುಲಿಗೆ ಜಾರಿತ್ತು.

“ಬಿಗಿಸ್ರಿ ಅಪ್ಪಾ, ನಾನು ರೊಕ್ಕ ಕಳಿಸ್ತೀನಿ,” ಎಂದ ಮಗ.

ರೊಕ್ಕದ ಮಾತಲ್ಲ. ಹಳಿ ಕಾಯಿಸಲು ರಾಶಿ ಕುಳ್ಳು ಬೇಕು. ಕೊಟ್ಟಿಗೆಯಲ್ಲಿ ಬಂಡಿಯ ಪಕ್ಕ ಈಗ ಕಟ್ಟಿರುವುದು ತಮ್ಮನ ಎರಡು ಬೈಕು.