ಉಳ್ಳಾಗಡ್ಡಿ ಎಲೆಯ ಮೇಲಿನ ಹನಿ

ನಮ್ಮ ಕೊಂಕಲ್‌ನಲ್ಲಿ ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ ‘ಎಣ್ಣಿ ಹೊಡಿಯೂದು’ ಅಂತಲೇ ಹೆಸರು. ಯಾದಗಿರಿ ಇನ್ನೂ ಗುಲ್ಬರ್ಗಾ ಜಿಲ್ಲೆಯೊಳಗಿದ್ದ ತೊಂಬತ್ತರ ದಶಕದಲ್ಲಿ, ಕಾಕಾ ಎಣ್ಣಿ ಕಲೆಸುವಾಗ ಕೊಡ ಹಿಡಿದು ನಿಲ್ಲುವ ಕೆಲಸ ನನ್ನದು. ಅಂಗಡಿಯ ಎಣ್ಣಿ ನೀರಿಗೆ ಬಿದ್ದೊಡನೆ ಹಾಲಾಗುತ್ತಿತ್ತು. ಬೇವಿನೆಣ್ಣಿ ಹಾಗಲ್ಲ, ಮೇಲೆ ತೇಲುತ್ತಿತ್ತು. ಬಟ್ಟೆ ತೊಳೆಯುವ ಪುಡಿ ನಡುವೆ ಬಂದರಷ್ಟೇ ಅದಕ್ಕೂ ನೀರಿಗೂ ರಾಜಿ. ಒಮ್ಮೆ ಪುಡಿ ಇಲ್ಲವೆಂದು ನಾನು ಬಟ್ಟೆ ಸೋಪು ತುರಿದು ಹಾಕಿದೆ. ಬೋರಿನ ಗಡಸು ನೀರಿನಲ್ಲಿ ಅದು ಮೊಸರಿನಂತೆ ಒಡೆದು, ಪಂಪಿನ ಮೂತಿ ಕಟ್ಟಿ, ಅರ್ಧ ದಿನ ಹಾಳಾಯಿತು.

ಪಂಪು ಬೆನ್ನಿಗೇರಿಸುವ ಮೊದಲು ಕಾಕಾ ಬೇವಿನ ಕಡ್ಡಿ ಅದ್ದಿ ಉಳ್ಳಾಗಡ್ಡಿ ಎಲೆಯ ಮೇಲೆ ಒಂದು ಹನಿ ಬಿಡುತ್ತಿದ್ದ. ಹನಿ ಮುತ್ತಿನಂತೆ ಉರುಳಿದರೆ, “ಇನ್ನೊಂದ್ ಚಿಟಿಕಿ ಹಾಕೋ ತಮ್ಮಾ, ಎಲಿ ಹಿಡೀವಲ್ದು.” ಹರಡಿ ಅಂಟಿದರೆ ಮಾತಿಲ್ಲ, ಹೊಲಕ್ಕಿಳಿಯುವುದೇ.

ಅವನು ನೋಡುತ್ತಿದ್ದದ್ದು ಮೇಲ್ಮೈ ಎಳೆತ ಎಂದು ನನಗೆ ತಿಳಿದದ್ದು ಗುಲ್ಬರ್ಗಾದಲ್ಲಿ ಬಿ.ಎಸ್ಸಿ. ಓದುವಾಗ. ಸ್ಟಲಗ್ಮೋಮೀಟರ್ ಎಂಬ ಗಾಜಿನ ನಳಿಗೆಯಿಂದ ಬೀಳುವ ಹನಿಗಳನ್ನು ಎಣಿಸಬೇಕು. ಎಳೆತ ಇಳಿದಷ್ಟೂ ಹನಿ ಸಣ್ಣದು, ಎಣಿಕೆ ಹೆಚ್ಚು. 25 ಡಿಗ್ರಿಯಲ್ಲಿ ನೀರಿನ ಎಳೆತ ಮೀಟರಿಗೆ 72 ಮಿಲಿನ್ಯೂಟನ್. ಸೋಪಿನ ನೀರಿನದು 30ರ ಆಸುಪಾಸು. ಜರ್ಮನಿಯ ಆಗ್ನೆಸ್ ಪಾಕೆಲ್ಸ್ ಕಾಲೇಜು ಕಾಣದೆ ಮನೆಯಲ್ಲೇ, ಸಣ್ಣ ಬಿಲ್ಲೆಯೊಂದನ್ನು ನೀರಿನಿಂದ ಮೇಲೆತ್ತಲು ಎಷ್ಟು ಭಾರ ಬೇಕೆಂದು ತಕ್ಕಡಿಯಲ್ಲಿ ತೂಗಿ ಇದನ್ನು ಅಳೆದವಳು. ಲಾರ್ಡ್ ರ‍್ಯಾಲೆ ನೆರವಿನಿಂದ ಅವಳ ಪತ್ರ 1891ರಲ್ಲಿ ‘ನೇಚರ್’ನಲ್ಲಿ ಅಚ್ಚಾಯಿತು. ನಮ್ಮ ಕಾಕಾನ ಕಡ್ಡಿಯನ್ನು ಯಾರು ಅಚ್ಚು ಹಾಕುತ್ತಾರೆ!

ಈಗ ಬ್ಯಾಟರಿ ಪಂಪು ಬಂದಿದೆ, ಎಣ್ಣಿ ಅಂಗಡಿಯಲ್ಲಿ ಸಿಲಿಕಾನ್ ಸ್ಪ್ರೆಡರ್ ಸಿಗುತ್ತದೆ. ಅದು ಎಳೆತವನ್ನು 20ರ ಹತ್ತಿರಕ್ಕೆ ತರುತ್ತದೆ. ಕಾಲುವೆ ನೀರು ಕಂಡ ಶಹಾಪುರ, ಸುರಪುರದ ಕಡೆ ಹನಿ ನಿಲ್ಲದ ಭತ್ತದ ಎಲೆಯ ಮೇಲೂ ನೀರು ಹಾಸಿದಂತೆ ಹರಡುತ್ತದೆ. ಒಳ್ಳೆಯ ಸರಕೇ, ದೂರಿಲ್ಲ. ಆದರೆ ಕಾಕಾನ ಮಗ ಹೇಳಿದ್ದಕ್ಕಿಂತ ಎರಡು ಪಾಲು ಸುರಿಯುತ್ತಾನೆ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಸುರಿದರೂ ಎಳೆತ ಇಳಿಯದು. ಎಣ್ಣಿ ಎಲೆ ಬಿಟ್ಟು ನೆಲಕ್ಕೆ ಸೋರುತ್ತದೆ, ರೊಕ್ಕವೂ ಅದರ ಹಿಂದೆಯೇ.

ಮುಂದಿನ ಸಲ ಎಣ್ಣಿ ಕಲೆಸಿದಾಗ ಒಂದು ಕಡ್ಡಿ ಅದ್ದಿ, ನಿಮ್ಮ ಬೆಳೆಯ ಎಲೆಯ ಮೇಲೆ ಹನಿ ಬಿಟ್ಟು ನೋಡಿ. ಹರಡಿದರೆ ಡಬ್ಬಿ ಮುಚ್ಚಿಬಿಡಿ.