ಎರಡು ಇಂಚು ಕೆಳಗೆ

ಗಾಡಿ ನೆಲದಿಂದ ಎಷ್ಟು ಎತ್ತರವಿದ್ದರೆ ಅಷ್ಟು ಒಳ್ಳೆಯದು ಎಂದು ನಂಬಿ ಬೆಳೆದವರು ನಾವು. ಧಾರವಾಡದ ಕಡೆಯ ಎರೆಹೊಲದ ಹಾದಿಯನ್ನು ಮಳೆಗಾಲದಲ್ಲಿ ಕಂಡವರಿಗೆ ಬೇರೆ ಯಾವ ನಂಬಿಕೆ ಬರಬೇಕು? ಹೂತ ಚಕ್ಕಡಿಗೆ ಹೆಗಲು ಕೊಟ್ಟು ಎತ್ತಿದವರು, ಕೈಯಿಂದ ಹಣ ಕೊಟ್ಟು ಕಾರನ್ನು ನೆಲಕ್ಕೆ ಇಳಿಸಿಕೊಳ್ಳುವವರೂ ಈ ಲೋಕದಲ್ಲಿದ್ದಾರೆಂದು ಕೇಳಿದರೆ ಮೊದಲು ನಗುತ್ತಾರೆ. ನಾವೂ ನಕ್ಕೆವು. ಆಮೇಲೆ ಅಂಥ ಮಹಾನುಭಾವನೊಬ್ಬ ನಮ್ಮ ಮನೆಯಲ್ಲೇ, ನಮ್ಮ ಪಕ್ಕದ ತಾಟಿನಲ್ಲೇ ಊಟಕ್ಕೆ ಕುಳಿತಿದ್ದಾನೆಂದು ತಿಳಿದು ಸುಮ್ಮನಾದೆವು.

ನಮ್ಮ ಮಗರಾಯ ಡಿಪ್ಲೊಮಾ ಓದುತ್ತಿದ್ದಾನೆ, ಮೆಕ್ಯಾನಿಕಲ್ ಶಾಖೆ. ಕಾರೆಂದರೆ ಮತ್ತೇನಲ್ಲ, ಕೈಬದಲಾಗಿ ನಮ್ಮ ಮನೆ ಸೇರಿದ ಹಳೆಯ ಮಾರುತಿ ಆಲ್ಟೊ. ಕೇಂದ್ರ ಸರಕಾರದ ಗುಮಾಸ್ತನಿಗೆ ಅದು ಸೌಖ್ಯದ ವಸ್ತುವಲ್ಲ, ಮನೆಯ ಎತ್ತು. ಬೆಳಿಗ್ಗೆ ನಮ್ಮನ್ನು ಕಚೇರಿಗೆ, ಮಗಳನ್ನು ಶಾಲೆಗೆ ಮುಟ್ಟಿಸಬೇಕು. ವಾರಕ್ಕೆರಡು ಸಲ ಅವ್ವನನ್ನು ಮೊಣಕಾಲಿನ ಡಾಕ್ಟರ ಹತ್ತಿರ ಒಯ್ಯಬೇಕು. ವರ್ಷಕ್ಕೆರಡು ಸಲ ಕಾತ್ರಜ, ಖಂಬಾಟಕಿ ಘಾಟು ದಾಟಿ, ಸಾತಾರಾ ಕೊಲ್ಹಾಪುರ ಹಿಂದಿಟ್ಟು, ನಿಪ್ಪಾಣಿ ಬೆಳಗಾವಿ ಮೇಲೆ ಧಾರವಾಡಕ್ಕೆ 400 ಕಿಲೋಮೀಟರಿಗೂ ಹೆಚ್ಚು ಓಡಬೇಕು. ಬರುವಾಗ ಡಿಕ್ಕಿಯಲ್ಲಿ ಜೋಳದ ಹಿಟ್ಟು, ಶೇಂಗಾ, ಕೆಂಪು ಮೆಣಸಿನಕಾಯಿ. ಇದನ್ನೆಲ್ಲ ಪುಣೆಯ ನಮ್ಮ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಅಪ್ಪಾ, ಬರೇ ಎರಡು ಇಂಚು. ಗಾಡಿ ರಸ್ತೆ ಹಿಡಿದು ಕೂತಾಂಗ ಕಾಣ್ತದ" ಎಂದ. ನೋಟ ಅಷ್ಟೇ ಅಲ್ಲವಂತೆ. ಭಾರದ ಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಗಾಡಿ ವಾಲುವುದೂ ಕಡಿಮೆಯಂತೆ. ಅದು ಸುಳ್ಳಲ್ಲ. ಧಾರವಾಡದಲ್ಲಿ ಬಿ.ಎಸ್‌ಸಿ. ಮಾಡಿದ್ದು ನಮಗೂ ಅಷ್ಟಿಷ್ಟು ನೆನಪಿದೆ. ಆದರೂ ಗುಮಾಸ್ತನ ಕೈ ಮೊದಲು ಹೋಗುವುದು ಕಾಯಿದೆಯ ಪುಸ್ತಕಕ್ಕೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತೆಗೆದು, ತಯಾರಕರು ಕೊಟ್ಟ ವಿವರಕ್ಕೂ ನೋಂದಣಿ ಪುಸ್ತಕಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಕೂಡದೆಂದು ಓದಿ ಹೇಳಿದೆವು. 2019ರಲ್ಲಿ ಸುಪ್ರೀಮ್ ಕೋರ್ಟೂ ಅದನ್ನೇ ಒತ್ತಿ ಹೇಳಿದೆ ಎಂದೆವು. "ಪುಸ್ತಕದಾಗ ಎತ್ತರದ ಕಾಲಮ್ಮೇ ಇಲ್ಲಲ್ಲ" ಎಂದ ಅವನು. ನಮ್ಮ ಹೊಟ್ಟೆಯಲ್ಲಿ ಹುಟ್ಟಿದವನಲ್ಲವೇ, ಕಾಲಮು ಹುಡುಕುವ ಬುದ್ಧಿ ಎಲ್ಲಿ ಹೋದೀತು! ಅಪಘಾತವಾದ ಮೇಲೆ ವಿಮೆಯವರು ಎಷ್ಟು ಕಾಲಮು ಹುಡುಕುತ್ತಾರೆಂಬುದನ್ನು ಕೇಳಿದಾಗ ಮಾತ್ರ ಮಾತಾಡಲಿಲ್ಲ. ಊಟ ಮುಗಿಸಿ ಏಳುವಾಗ ಒಂದೇ ಮಾತು ಅಂದ:

"ನೀವು ಜನ್ಮದಾಗ ಏನರ ಒಂದು, ಬಂದದ್ದು ಬಂದಾಂಗ ಇರಲಿ ಅನ್ನದ, ಬದಲು ಮಾಡೀರೇನು ಅಪ್ಪಾ?"

ನಮ್ಮ ಮನೆಯವರು "ಬಾಯಿ ಮುಚ್ಚು" ಎಂದು ಗದರಿಸಿದರು. ನಮಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ಫ್ಯಾನು ನೋಡುತ್ತ ಬಹಳ ಹೊತ್ತು ಮಲಗಿದ್ದೆವು. ವರ್ಗ ಮಾಡಿದ ಕಡೆ ಹೋದೆವು, ಕೊಟ್ಟ ಕ್ವಾರ್ಟರ್ಸಿನಲ್ಲಿ ಇದ್ದೆವು, ಗೋಡೆಯ ಬಣ್ಣ ಸಹ ಇಲಾಖೆಯವರು ಬಳಿದದ್ದೇ. ಇನ್ನು "ಬೇಡ" ಎನ್ನುವುದಾದರೆ ಕಾಯಿದೆ ತೋರಿಸಿ ಅಲ್ಲ, ಅವನ ವಿದ್ಯೆಯಲ್ಲೇ ತೋರಿಸಿ ಎನ್ನಬೇಕೆಂದು ನಿಶ್ಚಯಿಸಿದೆವು.

ಮರುದಿನ ಸಂಜೆ ಅವನ ಜೊತೆ ನಾನಾ ಪೇಠೆಗೆ ಹೋದೆವು. ಪುಣೆಯಲ್ಲಿ ಗಾಡಿಯ ಬಿಡಿಭಾಗ ಬೇಕೆಂದರೆ ಎಲ್ಲರ ಕಾಲೂ ಅತ್ತಲೇ. ಹೊರದೇಶದಿಂದ ತರಿಸುವ ಗಿಡ್ಡ ಸ್ಪ್ರಿಂಗುಗಳಿಗೆ ಒಬ್ಬ ಅಂಗಡಿಯವ ಹದಿನೆಂಟು ಸಾವಿರ ಹೇಳಿದ. ಹುಡುಗನ ಹತ್ತಿರ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ್ದು ಆರು ಸಾವಿರ. ಅಷ್ಟರಲ್ಲಿ ಹೊರಗೆ ನಿಂತಿದ್ದ ಮೇಸ್ತ್ರಿಯೊಬ್ಬ, "ಸಾಹೇಬ, ಇದ್ದ ಸ್ಪ್ರಿಂಗನ್ನೇ ಒಂದೊಂದು ಸುತ್ತು ಕತ್ತರಿಸೋಣ, ಒಂದೂವರೆ ಸಾವಿರ, ಒಂದು ತಾಸಿನ ಕೆಲಸ" ಎಂದು ಮರಾಠಿಯಲ್ಲಿ ಹೇಳಿದ. ಬೇಕಾದರೆ ಗ್ಯಾಸಿನಿಂದ ಕಾಸಿ ಕೂಡ್ರಿಸಿಯೂ ಕೊಡುತ್ತಾನಂತೆ. ಮಗನ ಮುಖ ಅರಳಿತು. "ರವಿವಾರ ಹೇಳ್ತೇವೆ" ಎಂದು ಹೊರಟು ಬಂದೆವು.

ಕಾಸುವುದನ್ನು ಮಾತ್ರ ಹಾದಿಯಲ್ಲೇ ಅಳಿಸಿಹಾಕಿದೆವು. ಸ್ಪ್ರಿಂಗಿನ ಉಕ್ಕಿಗೆ ಕಾರಖಾನೆಯಲ್ಲಿ ಹದ ಕೊಟ್ಟಿರುತ್ತಾರೆ. ಗ್ಯಾಸಿನ ಉರಿ ತಾಗಿದರೆ ಆ ಹದ ಹೋಯಿತು. ಅಲ್ಲಿಂದ ಮುಂದೆ ಅದು ದಿನಕ್ಕಿಷ್ಟು ತಾನೇ ಕುಸಿಯುತ್ತದೆ, ಎಡಕ್ಕೊಂದು ಲೆಕ್ಕ ಬಲಕ್ಕೊಂದು ಲೆಕ್ಕ. ಇದನ್ನು ಅವನೂ ಒಪ್ಪಿದ. ಕತ್ತರಿಸುವುದು ಹಾಗಲ್ಲ, ಅದರಲ್ಲಿ ವಿಚಾರ ಮಾಡುವಂಥದಿದೆ. ರಾಬರ್ಟ್ ಹುಕ್ 1678ರಲ್ಲಿ ಹೇಳಿದ ನಿಯಮವನ್ನು ನಾವೆಲ್ಲ ಹತ್ತನೆಯ ಇಯತ್ತೆಯ ಆಸುಪಾಸಿನಲ್ಲಿ ಬಾಯಿಪಾಠ ಮಾಡಿದ್ದೇವೆ: ಭಾರ ಎಷ್ಟೋ ಕುಗ್ಗುವುದು ಅಷ್ಟು. ಆದರೆ ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಬಿರುಸಾಗುತ್ತದೆ. ಆರು ಸುತ್ತಿನದನ್ನು ಐದು ಮಾಡಿದರೆ ಬಿರುಸು ಐದಕ್ಕೆ ಆರರಷ್ಟು. ಗಾಡಿ ಕೆಳಗಿಳಿಯಿತು, ಆದರೆ ಕುಲುಕಾಟ ಹೆಚ್ಚಿತು. ಗಾಲಿ ಒಳಗೆ ವಾಲಿ ಟಾಯರಿನ ಒಳಬದಿ ಸವೆಯುತ್ತದೆ. ಶಾಕ್ ಅಬ್ಸಾರ್ಬರು ತನ್ನ ಜಾಗ ಬಿಟ್ಟು ಬೇರೆ ಜಾಗದಲ್ಲಿ ಆಡುತ್ತ ಬೇಗ ಸೋರುತ್ತದೆ. ಗಾಲಿ ತಗ್ಗಿಗೆ ಪೂರ್ತಿ ಜೋತುಬಿದ್ದಾಗ ಗಿಡ್ಡಾದ ಸ್ಪ್ರಿಂಗು ತನ್ನ ಪೀಠದಿಂದ ಸಡಿಲಾಗಿ ಸರಿಯಲೂಬಹುದು. ಘಾಟಿನಲ್ಲಿ ಸರಿದರೆ? ಇದಿಷ್ಟನ್ನೂ ಹೇಳಿದ್ದಕ್ಕೆ, "ಅಪ್ಪಾ, ಎಲ್ಲಾರೂ ಮಾಡ್ಸ್ಯಾರ, ಅವರ ಗಾಡಿ ನಡೀಲಿಕ್ಕೇ ಹತ್ಯಾವ" ಎಂದ. "ಹಂಗಾರ ಅಳತಿ ಮಾಡೋಣ ನಡಿ" ಎಂದೆವು.

ರವಿವಾರ ಬೆಳಿಗ್ಗೆ ಇಡೀ ಸೊಸಾಯಿಟಿಗೆ ತಮಾಷೆ. ಮೊದಲು ಬರಿಗಾಡಿ. ಹಿಂದಿನ ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿಗೆ 35 ಸೆಂಟಿಮೀಟರು. ಸ್ಪ್ರಿಂಗಿನ ಆಟ ಮುಗಿದ ಕಡೆ ಒಂದು ರಬ್ಬರಿನ ತುಂಡು ಇರುತ್ತದೆ. ಅದು ಮುಟ್ಟಲು ಉಳಿದ ಅಂತರ ಎಂಟೂವರೆ. ಮಗ ನೆಲಕ್ಕೆ ಮಲಗಿ ಸ್ಕೇಲು ಹಿಡಿದು ಓದಿದ. ಆಮೇಲೆ ಅವ್ವನನ್ನು ಕರೆದು ಹಿಂದೆ ಕೂಡ್ರಿಸಿದೆವು. "ನನ್ನ ತೂಕ ಯಾಕ ಬೇಕೋ ಬಾಳಾ, ನಾ ಏನು ಸಂತಿಗೆ ಹೊಂಟೇನೇನು?" ಎಂದಳು. ಅವಳ ಪಕ್ಕಕ್ಕೆ ಮಗಳು, ಮಗನ ಜಾಗಕ್ಕೆ ಅವನಷ್ಟೇ ಮೈಕಟ್ಟಿನ ಎದುರುಮನೆ ಹುಡುಗ. ಮುಂದೆ ನಾವಿಬ್ಬರು. ಡಿಕ್ಕಿಯಲ್ಲಿ ಇಪ್ಪತ್ತು ಕಿಲೊ ಜೋಳದ ಹಿಟ್ಟು, ಅಷ್ಟೇ ತೂಕದ ಟ್ರಂಕು. ಅಂದರೆ ಧಾರವಾಡದಿಂದ ಬರುವ ನಮ್ಮ ಗಾಡಿ, ಹುಬೇಹೂಬ.

35 ಇದ್ದದ್ದು ಮೂವತ್ತೂವರೆಗೆ ಇಳಿಯಿತು. ನಾಲ್ಕೂವರೆ ಸೆಂಟಿಮೀಟರು! "ನೋಡೋ, ಎರಡು ಇಂಚಿಗೆ ಎಳ್ಳಷ್ಟೇ ಕಡಿಮೆ, ಒಂದು ಪೈ ಖರ್ಚಿಲ್ಲದ" ಎಂದರು ನಮ್ಮ ಮನೆಯವರು. ಗಾಡಿಯ ಕೆಳಗಿನಿಂದ ನಗು ಕೇಳಿಸಿತು; ಎಷ್ಟೋ ದಿನಗಳ ಮೇಲೆ.

ಲೆಕ್ಕ ಅವನೇ ಮಾಡಿದ, ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು. ಎಂಟೂವರೆಯಲ್ಲಿ ಐದು ಇಳಿಸಿದರೆ ಉಳಿದದ್ದು ಮೂರೂವರೆ. ಕತ್ತರಿಸಿ ಬಿರುಸಾದ ಸ್ಪ್ರಿಂಗಿನ ಮೇಲೆ ಇದೇ ಮಂದಿ ಕೂತರೆ ಕುಗ್ಗುವುದು ನಾಲ್ಕೂವರೆಯಲ್ಲ, ಮೂರೂಮುಕ್ಕಾಲು. ಆದರೂ ಸಾಲದು. ತಗ್ಗು, ದಿಬ್ಬ ಬರುವ ಮೊದಲೇ ಗಾಡಿ ರಬ್ಬರಿನ ಮೇಲೆ ಕೂತಿತು. ಅಲ್ಲಿಂದ ಧಾರವಾಡದವರೆಗೂ ಪ್ರತಿ ಪೆಟ್ಟು ನೇರ ಅವ್ವನ ಬೆನ್ನಿಗೆ. ಇನ್ನು ಗತಿರೋಧಕಗಳ ಮಾತೇ ಬೇಡ. ರಸ್ತೆ ಕಾಂಗ್ರೆಸ್ಸಿನ ಪ್ರಮಾಣದಂತೆ ಅದು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕು. ನಮ್ಮ ಗಲ್ಲಿಯಲ್ಲಿ ಅವರವರ ಮನೆಯ ಮುಂದೆ ಅವರವರೇ ಕಟ್ಟಿದ್ದನ್ನು ಯಾವ ಪ್ರಮಾಣದಿಂದ ಅಳೆಯಬೇಕೋ!

ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಅವನೇ ಒಂದು ಸಂಗತಿ ಹೇಳಿದ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕೋ ಮೂಲದ ಹುಡುಗರು ಹಿಂದಿನ ಕಾಲದಲ್ಲಿ ಹಳೆಯ ಕಾರುಗಳ ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿ ಹೀಗೇ ಕೆಳಗಿಳಿಸುತ್ತಿದ್ದರಂತೆ, ಹಿಟ್ಟಿನ ಬದಲು ಮರಳು. ಅವರದು ಅವಸರದ ಓಟವಲ್ಲ. ಕಾರನ್ನು ಬಣ್ಣ ಹಚ್ಚಿ ಸಿಂಗರಿಸಿ, ಮೆರವಣಿಗೆಯ ಹಾಗೆ ನಿಧಾನ ಬಿಡುವುದು. ಗಾಲಿಯ ರಿಮ್ಮಿಗಿಂತ ಗಾಡಿಯ ಮೈ ಕೆಳಗಿರಬಾರದೆಂದು ಕ್ಯಾಲಿಫೋರ್ನಿಯಾದಲ್ಲಿ 1958ರಲ್ಲಿ ಕಾನೂನು ಬಂತು. ಮರುವರ್ಷವೇ ರಾನ್ ಅಗಿರೆ ಎಂಬವ ಹಳೆಯ ವಿಮಾನದ ಹೈಡ್ರಾಲಿಕ್ ಸಾಮಾನು ತನ್ನ ಕಾರಿಗೆ ಜೋಡಿಸಿದ. ಪೋಲೀಸರು ಕಂಡರೆ ಮೇಲೆ, ಹೋದರೆ ಕೆಳಗೆ! ಆ ನಿರ್ಬಂಧ ಎದ್ದದ್ದು 2024ರ ಜನವರಿಯಲ್ಲಿ. "ಪರ ಊರಾಗ ಇದ್ದವರು, ಅಪ್ಪಾ. ಇದು ನಮ್ಮದು ಅಂತ ತೋರಸ್ಲಿಕ್ಕೆ ಅವರಿಗೆ ಏನರ ಬೇಕಿತ್ತು" ಎಂದ. ಪುಣೆಯಲ್ಲಿ ಹುಟ್ಟಿ, ಗೆಳೆಯರ ಜೊತೆ ಮರಾಠಿಯಲ್ಲೇ ಜಗಳಾಡುವ ಹುಡುಗ ಈ ಮಾತನ್ನು ಎಲ್ಲಿಂದ ತೆಗೆದನೋ. ನಾವು ಉತ್ತರ ಕೊಡಲಿಲ್ಲ. ಅವನು ಕೇಳಿಯೂ ಇರಲಿಲ್ಲ.

ಆರು ಸಾವಿರದಲ್ಲಿ ಹಿಂದಿನ ಎರಡು ಶಾಕ್ ಅಬ್ಸಾರ್ಬರು ಹೊಸವು ಬಂದವು. ಹಳೆಯವು ಎಣ್ಣೆ ಸೋರಿ ಖಾಲಿಯಾಗಿದ್ದವು ಎಂಬುದು ಗಾಡಿಯ ಕೆಳಗೆ ಮಲಗಿದಾಗ ಅವನಿಗೇ ಕಂಡಿತ್ತು. ಗಾಲಿಯ ಅಲೈನ್‌ಮೆಂಟೂ ಆಯಿತು. ನಾವು ಕೊಡಹೋದ ಹಣ ತೆಗೆದುಕೊಳ್ಳಲಿಲ್ಲ. ಉಳಿದ ಎರಡು ಸಾವಿರದ ನೂರು ಅಂಚೆ ಕಚೇರಿಯ ಖಾತೆಗೆ ಮರಳಿದೆ, ಅವನ ಸ್ವಂತ ಗಾಡಿಯ ಸಲುವಾಗಿ. ಅದನ್ನು ಒಂದೇ ಇಂಚು, ಸರಿಯಾದ ಸ್ಪ್ರಿಂಗು ತಂದು ಇಳಿಸುವನಂತೆ. ಇಳಿಸಲಿ. ಅದರಲ್ಲಿ ಹಿಟ್ಟಿನ ಚೀಲ ಇರುವುದಿಲ್ಲ.

ಮೊನ್ನೆ ಬುಧವಾರ ಜುನಾ ಬಜಾರಿನಿಂದ ಯಾವುದೋ ಗಾಡಿಯ ಹಳೆಯ ಸ್ಪ್ರಿಂಗೊಂದನ್ನು ಹೊತ್ತು ತಂದು ಬಾಲ್ಕನಿಯಲ್ಲಿಟ್ಟ. ನೋಡನೋಡುತ್ತ ಅವ್ವ ಅದರ ಮೇಲೆ ತುಳಸಿಯ ಕುಂಡ ಇಟ್ಟಳು. ಎಷ್ಟು ಇಳಿಯಿತೆಂದು ಕೇಳಿದೆವು. ಎರಡು ಮಿಲಿಮೀಟರು ಎಂದ.